ಅಮ್ಮನಿಗೊಂದು ಮಾತು

ಬಸ್ ಸ್ಟಾಪಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ, ಕಾಲೇಜು ಓದುವ ಮಗಳು ಕೂತಿದ್ದರು. ಮಗಳ ತೊಡೆಯ ಮೇಲೆ ಮೇಷ್ಟ್ರು ತಿದ್ದಿಕೊಟ್ಟ ಪ್ರಬಂಧವಿತ್ತು: ‘ಅಪ್ಪ ಮನೆ ಬಿಟ್ಟ ದಿನ’.

“ಇದನ್ನ ಮತ್ತೆ ಬರಿ ಅಂದಿದ್ದಾರಮ್ಮ.”

“ಏನಂತೆ ತಪ್ಪು?”

“ಅಪ್ಪ ಪೆಟ್ಟಿಗೆ ಹಿಡ್ಕೊಂಡು ಹೊರಟ್ರೂ ಅಮ್ಮ ಯಾಕೆ ಬಾಯೇ ಬಿಡಲ್ಲ, ಒಂದು ಮಾತಾದ್ರೂ ಆಡಿಸು ಅಂತ.”

ತಾಯಿ ರಸ್ತೆ ನೋಡುತ್ತಿದ್ದರು.

“‘ಹೋಗಬೇಡಿ’ ಅಂತ ಬರೀಲಾ?”

“ಬೇಡ.”

“ಬರೀ ಪ್ರಬಂಧ ತಾನೇ ಅಮ್ಮ?”

“ಅಷ್ಟು ಅಂದಿದ್ರೆ ಅವರು ನಿಂತೇಬಿಡ್ತಿದ್ರು ಕಣೇ.”

ಮಗಳು ಪೆನ್ನಿನ ಮುಚ್ಚಳ ಹಾಕಿದಳು.

“ನೀನು ಅಳು ತಡ್ಕೊಂಡು ನಿಂತಿದ್ದೆ ಅಂತಲೇ ಇಷ್ಟು ದಿನ ಅಂದ್ಕೊಂಡಿದ್ದೆ.”

ಬಸ್ ಬಂತು. ತಾಯಿ ಚೀಲ ಎತ್ತಿಕೊಂಡು ಎದ್ದರು.

“ಉಸಿರು ಬಿಗಿಹಿಡ್ಕೊಂಡು ನಿಂತಿದ್ದೆ. ಬಾ, ಹತ್ತು.”