ಮೂತಿಗೆ ಅಂಟಿಸಿದ ಕ್ಯಾಮೆರಾ

…ಅಯ್ಯೋ, ಎಷ್ಟು ಸಲ ಹೇಳ್ಲಿ? ಬಿತ್ತು ಕಣೇ! ಸಮುದ್ರಕ್ಕೇ ಬಿತ್ತು. ನೀನು ಬಟ್ಟೆ ಬದಲಾಯಿಸೋಕೆ ಒಳಗೆ ಹೋದೆ. ನಾನು ದೋಣಿಕಟ್ಟೆ ತುದೀಲಿ, ನೀನು ನಿಂತು ಹುಟ್ಟು ಹಾಕೋ ಸರ್ಫಿಂಗ್ ಬೋರ್ಡ್ ತೊಳೀತಿದ್ದೆ. ಬೆಂಕಿಪೊಟ್ಟಣದಷ್ಟು ಕ್ಯಾಮೆರಾ, ಬೋರ್ಡಿನ ಮೂತಿಯಿಂದ ಕಿತ್ತು ಬಂದು ಗುಳುಕ್ ಅಂತು. ಮುಗೀತು.

ಯಾಕೆ ನಗ್ತೀಯ? ನನ್ನ ತಪ್ಪಾ? ಅಂಟು ಹಾಕಿದ ಮೇಲೆ ಒಂದು ದಿನ ಹಾಗೇ ಬಿಡು ಅಂದೆ, ಬಿಟ್ಟೆಯಾ? ಸನ್‌ಸ್ಕ್ರೀನ್ ಬಳ್ಕೊಂಡ ಕೈಯಲ್ಲೇ ಒತ್ತಿದೆ. ಜಿಡ್ಡಿನ ಮೇಲೆ ಯಾವ ಅಂಟು ನಿಲ್ಲುತ್ತೆ, ಹೇಳು? ಹೋಗ್ಲಿ, ಒಂದು ದಾರನಾದ್ರೂ ಕಟ್ಟೇ ಅಂದ್ರೆ "ಬಿಡಕ್ಕಾ, ಅಜ್ಜಿ ತರ ಆಡ್ಬೇಡ" ಅಂದೆ.

ಗೊತ್ತು, ಗೊತ್ತು… ಅದರಲ್ಲಿದ್ದ ವಿಡಿಯೋ ಇವತ್ತೇ ಕಳಿಸಬೇಕಿತ್ತು. ಅದನ್ನ ನೋಡಿ ತಾನೆ ಆ ದೊಡ್ಡ ಸರ್ಫಿಂಗ್ ಶಾಲೆಯವರು ನಿನಗೆ ಕೆಲಸ ಕೊಡೋದು. ನಂಗೆ ಸಂಕಟ ಆಗಲ್ವಾ? ಆರು ವರ್ಷ! ನೀರು ಕಂಡ್ರೆ ನನ್ನ ಸೊಂಟ ತಬ್ಕೊಂಡು ಕಿರುಚ್ತಿದ್ದೋಳು ನೀನು. ಬೋರ್ಡ್ ಮೇಲೆ ನಿಲ್ಲಿಸಿ ಕೈಗೆ ಹುಟ್ಟು ಕೊಟ್ಟಿದ್ದು ಯಾರು? ಎದೆಮಟ್ಟ ನೀರಲ್ಲಿ ಬೋರ್ಡ್ ಹಿಡ್ಕೊಂಡು ನಿಂತೂ ನಿಂತೂ… ಈ ಭುಜ ಇನ್ನೂ ಮೇಲೇಳಲ್ಲ. ಇರಲಿ, ಅದನ್ನೆಲ್ಲ ಎತ್ತಿ ಆಡೋಳಲ್ಲ ನಾನು.

ಅಲ್ಲ ಅಂದ್ನಲ್ಲ! ಅದ್ಯಾಕೆ ಹಾಗೆ ಮೂಗು ಮುರೀತೀಯ? ಹೊಗಳಿಕೆ ಗಿಗಳಿಕೆ ಏನೂ ಬೇಡಮ್ಮ ನಂಗೆ. ಆದ್ರೆ "ನಮ್ಮಕ್ಕ ಕಲಿಸಿದ್ಲು" ಅಂತ ಒಂದೇ ಒಂದು ಮಾತು… ಒಂದು ಮಾತು ಬಾಯಿಗೆ ಬರಲಿಲ್ವಲ್ಲೇ ನಿಂಗೆ! ಅಷ್ಟು ದೂರ, ಅಲೆಗಳ ಆಚೆ ಹೋಗಿ, ಹುಟ್ಟು ಅಡ್ಡ ಇಟ್ಟು, ಕ್ಯಾಮೆರಾ ಮುಂದೆ ಬಗ್ಗಿ, ಹಲ್ಲು ಬಿಟ್ಕೊಂಡು, "ನಂಗೆ ಯಾರೂ ಹೇಳಿಕೊಟ್ಟಿಲ್ಲ, ಒಬ್ಬಳೇ ಬಿದ್ದು ಎದ್ದು ಕಲಿತೆ" ಅಂದೆಯಲ್ಲ… ಹೊಟ್ಟೆ ಉರಿದು ಹೋಯ್ತು ಕಣೇ. ಒಡಹುಟ್ಟಿದೋಳೇ ಬೆನ್ನಿಗೆ ಚೂರಿ ಹಾಕಿದ ಹಾಗಾಯ್ತು.

ಯಾಕೆ? ಆ ಮಾತು ನಂಗೆ ಹೇಗೆ ಗೊತ್ತಾಯ್ತು ಅಂತಾನಾ?

…ಬೈಯಿ ಬೇಕಾದ್ರೆ. ಹಾಗೆ ನೋಡ್ಬೇಡ.

ಹೌದು. ಅಲ್ಲಿ ನಿನ್ನ ಜೊತೆ ಯಾರೂ ಇರಲಿಲ್ಲ. ಕ್ಯಾಮೆರಾ ಒಂದೇ ಇತ್ತು.

…ಕಪಾಟಿನಲ್ಲಿ, ಟವೆಲ್‌ಗಳ ಕೆಳಗಿದೆ. ತಗೋ. ಆ ಮಾತು ಮಾತ್ರ ಅಳಿಸೋಣ ಅಂತ… ಇಲ್ಲ, ಸುಳ್ಳು. ಪೂರ್ತಿ ಅಳಿಸೋಣ ಅಂತಲೇ ಕೂತೆ. ಮೂರು ಸಲ ನೋಡಿದೆ, ಕೈ ಬರಲಿಲ್ಲ. ಆ ದೊಡ್ಡ ಅಲೆ ಎದ್ದಾಗ ಮಂಡಿ ಬಗ್ಗಿಸಿ ನಿಂತೆ ನೋಡು… ಥೇಟ್ ನಾನು ಹೇಳಿಕೊಟ್ಟ ಹಾಗೇ ನಿಂತಿದ್ದೀಯ ಕಣೇ.