ಮಗ್ಗದ ಕುಣಿಯಲ್ಲಿಟ್ಟ ಪತ್ರ

ಮೊಬೈಲ್ ಆ್ಯಪಿನಲ್ಲಿ ಬೇರೆ ಹೆಸರಿಟ್ಟುಕೊಂಡು ಪ್ರೇಮಕಥೆ ಬರೆಯುವವಳು ನಾನೇ ಎಂದು ಜನಕ್ಕೆ ಗೊತ್ತಾದರೆ ಹೇಗೆ ಎಂಬ ಅಂಜಿಕೆ ನನಗೆ ದಿನವೂ ಇದೆ. ಇವತ್ತು ಮುಧೋಳ ಬಸ್ ಸ್ಟ್ಯಾಂಡಿನಲ್ಲಿ ರಬಕವಿ ಬಸ್ಸಿಗೆ ಕಾಯುವಾಗ, ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ನನ್ನ ಕಥೆಯ ಬಗ್ಗೆಯೇ ಮಾತಾಡುತ್ತಿದ್ದರು.

"ಆ ಕಥಿ ಬರಿಯಾಕತ್ತಾಕಿ ನನ್ನ ಸೊಸಿ ಅಕ್ಷತಾನ ಬೇ."

"ಹೆಂಗ ಹೇಳ್ತೀ, ಶಂಕ್ರಕ್ಕಾ?"

"ಕಥಿಯೊಳಗಿನ ಹುಡುಗಿ ತನ್ನ ಗೆಣೆಯಾನ ಪತ್ರ ಮಗ್ಗದ ಕುಣ್ಯಾಗ ಮುಚ್ಚಿಡ್ತಾಳ. ಇಕಿನೂ ನೇಯೂದು ಬಿಟ್ಟು, ಕುಣ್ಯಾಗ ಕಾಲಿಟ್ಕೊಂಡು ಫೋನ್ ಒತ್ತಾಕತ್ತಿರ್ತಾಳ."

"ಕುಣಿ ಹುಡುಕಿದಿ?"

"ಮೊಣಕಾಲ ಊರಿ ಹುಡುಕೀನಿ. ಮುರಿದ ಲಾಳಿ ಸಿಕ್ತು, ನಾ ಕಳಕೊಂಡಿದ್ದ ಚಶ್ಮಾ ಸಿಕ್ತು."

"ಮತ್ತ ಪತ್ರ?"

"ಸುಟ್ಟಿರಬೇಕು. ಭಾಳ ಶಾಣ್ಯಾಕಿ."

"ಆಕೀನ್ನ ಕೇಳಿದಿಲ್ಲೋ?"

"ಕೇಳಿದ್ರ ಅಳ್ತಾಳ. ತಪ್ಪಿಲ್ಲದಾಕಿ ಯಾಕ ಅಳ್ತಾಳ? ನಾಳೆ ತವರಿಗೆ ಬಿಟ್ಟು ಬರ್ತೀನಿ. ಹೊಳ್ಳಿ ಕರಿಯಾಂಗಿಲ್ಲ."

ಬಸ್ ಬಂತು. ಇಬ್ಬರೂ ಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟರು. ನಾನು ಓಡಿಹೋಗಿ ಶಂಕ್ರಕ್ಕನ ಸೆರಗು ಹಿಡಿದೆ.

"ಅವ್ವಾರ, ಆ ಕಥಿ ಬರದಾಕಿ ನಾನ್ರೀ. ಆ ಕುಣಿ ನಮ್ಮಜ್ಜಿ ಮಗ್ಗದ್ದು."