ಬದಲಿ ಕಾರು ಕೊಡುವವರೆಗೆ ಏಳುವುದಿಲ್ಲ

...ಇಲ್ಲ ಶಹನಾಝ್, ನಾನು ಏಳುವುದಿಲ್ಲ. ನಿನ್ನ ಮ್ಯಾನೇಜರು ಎಸಿ ಕೋಣೆಯಲ್ಲಿ ಬಾಗಿಲು ಹಾಕಿ ಕೂತು ನಿನ್ನನ್ನು ಹೊರಗೆ ಕಳಿಸಿದ್ದಾರೆ, ಈ ಮುದುಕಿಯನ್ನು ಹೇಗಾದರೂ ಸಾಗಹಾಕು ಎಂದು. ನನಗೆ ತಿಳಿಯುವುದಿಲ್ಲ ಎಂದುಕೊಂಡರಾ? ನನ್ನ ಕಾರು ರಿಪೇರಿಯಾಗಿ ಹೊರಗೆ ಬರುವವರೆಗೆ ನೀವು ಒಂದು ಬದಲಿ ಕಾರು ಕೊಡಬೇಕು. ಕೊಡುವವರೆಗೆ ನಾನು ಈ ಕುರ್ಚಿ ಬಿಡುವುದಿಲ್ಲ. ಚಾ ಬೇಡ. ಆ ಕಾಗದದ ಲೋಟದಲ್ಲಿ ನಾನು ಕುಡಿಯುವುದಿಲ್ಲ.

ಯಾರಿಗೆ ಇಲ್ಲ ಎನ್ನುತ್ತಿದ್ದಾರೆ ಎಂದು ಅವರಿಗೆ ಗೊತ್ತುಂಟಾ? ತೆಂಕಲಿನಿಂದ, ತಿರುವನಂತಪುರದ ಕಡೆಯಿಂದ ಬಂದವರು, ಗೊತ್ತಿರಲಿಕ್ಕಿಲ್ಲ. ನೀನಾದರೂ ಹೇಳಬೇಕಿತ್ತು, ವರ್ಕಾಡಿಯ ದಮಯಂತಿ ಅಮ್ಮ ಎಂದರೆ ಯಾರು ಎಂದು. ಊರಿಗೆ ಮೊದಲು ಕಾರು ಬಂದದ್ದು ನಮ್ಮ ಅಂಗಳಕ್ಕೆ. ಆಗ ರಸ್ತೆ ಎಲ್ಲಿತ್ತು? ಅಜ್ಜ ಗದ್ದೆಯ ಬದುವನ್ನು ಅಗಲ ಮಾಡಿಸಿ ತಂದರು. ಊರಿನಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರಿಗೆ ಹಾವು ಕಚ್ಚಿದರೂ ಆ ಕಪ್ಪು ಕಾರೇ ಹೋಗಬೇಕು. ಯಾವ ಜಾತಿ, ಯಾವ ಮತ ಎಂದು ಅಜ್ಜ ಕೇಳಿದವರಲ್ಲ. ನಿನ್ನ ಅಜ್ಜಿ ಕೈಜಮ್ಮನನ್ನು ಮಂಗಳೂರಿಗೆ ಕೊಂಡುಹೋದದ್ದೂ ಅದರಲ್ಲೇ, ನಿನ್ನ ಅಪ್ಪ ಹುಟ್ಟುವಾಗ. ಇನ್ನು ಸ್ವಲ್ಪ ತಡವಾಗಿದ್ದರೆ ಬಾವಾ ಹಿಂದಿನ ಸೀಟಿನಲ್ಲೇ ಹುಟ್ಟುತ್ತಿದ್ದ ಎಂದು ಅಜ್ಜ ಯಾವಾಗಲೂ ಹೇಳುವುದು. ಕಾರನ್ನು ಧರ್ಮಕ್ಕೆ ಕೊಡುವುದು ಎಂದರೆ ಎಂತ ಎಂದು ಇವರು ನಮ್ಮ ಮನೆಗೆ ಬಂದು ಕಲಿಯಲಿ.

ಯಾಕೆ ನಗುತ್ತೀ?

ನಗುವಂಥದ್ದು ಎಂತ ಉಂಟು ಇದರಲ್ಲಿ. ನಿನ್ನ ಮ್ಯಾನೇಜರು ನನ್ನ ಹತ್ತಿರ ಎಂತ ಕೇಳಿದರು ಗೊತ್ತುಂಟಾ? ಮಡಿವಾಳನಿಗೆ ಬಟ್ಟೆ ಒಗೆಯಲು ಕೊಟ್ಟರೆ ಅವನು ಬದಲಿ ಬಟ್ಟೆ ಕೊಡುತ್ತಾನಾ ಮೇಡಂ, ಎಂದು. ಬಹಳ ಬುದ್ಧಿವಂತರು! ನಾನು ಹೇಳಿದೆ, ಕೊಡುತ್ತಿದ್ದರು ಮಾರಾಯರೆ. ಸೂತಕ ಕಳೆಯುವ ದಿನ ಮಡಿವಾಳ್ತಿ ತಂದುಕೊಟ್ಟ ಬಟ್ಟೆ ಉಟ್ಟ ಮೇಲೆಯೇ ನಮ್ಮ ಮನೆಯ ಹೆಂಗಸರು ಒಲೆಯ ಹತ್ತಿರ ಹೋಗುತ್ತಿದ್ದದ್ದು. ಒಬ್ಬರ ವಸ್ತುವನ್ನು ತೆಗೆದುಕೊಂಡು ಇಟ್ಟುಕೊಂಡವರು ಅವರ ದಿನ ನಡೆಯಲು ಒಂದು ದಾರಿ ಮಾಡಿಕೊಡಬೇಕು. ಅದು ಉಪಕಾರ ಅಲ್ಲ, ಮರ್ಯಾದೆ. ಅವರು ಎದ್ದು ಒಳಗೆ ಹೋದರು, ನೀನು ಹೊರಗೆ ಬಂದೆ.

ಬಸ್ಸಿನಲ್ಲಿ ಹೋಗಬಹುದಂತೆ. ನಾಳೆ ಮಂಗಳೂರಿನಲ್ಲಿ ನಮ್ಮ ಕಾನ್ವೆಂಟಿನ ಹಳೆಯ ವಿದ್ಯಾರ್ಥಿನಿಯರ ಕೂಟ. ಎಲ್ಲರೂ ಕಾರಿನಲ್ಲಿ ಬಂದು ಇಳಿಯುವಾಗ ನಾನು ಗಡಿಯ ತಲಪಾಡಿಯಲ್ಲಿ ಬಸ್ಸು ಬದಲಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋಗಬೇಕಾ? ನಮ್ಮ ಜಿಲ್ಲೆಯವರಿಗೆ ಆಸ್ಪತ್ರೆ ಆ ಕಡೆ, ಮದುವೆ ಜವಳಿ ಆ ಕಡೆ, ಓದಿದ ಶಾಲೆ ಆ ಕಡೆ. ಕಾರು ಇಲ್ಲಿ ನಿಂತರೆ ಅರ್ಧ ಜೀವನ ಗಡಿಯ ಆಚೆ ನಿಂತ ಹಾಗೆ. ಇವರ ಕಂಪೆನಿ ತಿರುವನಂತಪುರದಲ್ಲಿ ಕೂತು ನಿಯಮ ಮಾಡುತ್ತದೆ.

ಗೊತ್ತುಂಟು, ಗೊತ್ತುಂಟು. ಆ ಬೋರ್ಡನ್ನು ನಾನೂ ಓದಿದೆ. ಇನ್ನು ಮುಂದೆ ಯಾವ ಗಿರಾಕಿಗೂ ಬದಲಿ ಕಾರು ಇಲ್ಲ. ಹೋದ ಸಲ ನನಗೆ ಕೊಟ್ಟ ಕಾರು ಹಾಳಾಯಿತು ಎಂದು ಊರಿಗೆಲ್ಲ ಶಿಕ್ಷೆ. ಇದು ಯಾವ ನ್ಯಾಯ? ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೀಗೆ ಮಾಡುತ್ತಿರಲಿಲ್ಲ. ಕಿಟಕಿಯ ಗಾಜು ಒಡೆದರೂ ಸರಿ, ಮಸಿ ಚೆಲ್ಲಿದರೂ ಸರಿ, ಬಂದು ಒಂದೇ ಮಾತು: ಮಾಡಿದವಳು ಎದ್ದು ನಿಲ್ಲಲಿ, ಉಳಿದವರು ಕೂತಿರಿ. ಅಷ್ಟೇ. ಹೊಡೆಯುವುದಿಲ್ಲ, ಬೈಯುವುದಿಲ್ಲ. ಯಾರಾದರೂ ಏಳುವವರೆಗೆ ಕಾಯುವುದು.

ಇಲ್ಲಿ ಮಾಡಿದವನು ಯಾರು ಎಂದು ಎಲ್ಲರಿಗೂ ಗೊತ್ತುಂಟಲ್ಲ. ನಿನಗೆ ಬೇಸರ ಆಗಬಹುದು, ನಮ್ಮ ಡ್ರೈವರ್ ಆದರೂ ನಿನ್ನ ಅಪ್ಪನ ವಿಷಯ. ಆದರೆ ಸತ್ಯ ಸತ್ಯವೇ. ನನ್ನ ಕಾರು ಪೆಟ್ರೋಲಿನದ್ದು, ನೀವು ಕೊಟ್ಟದ್ದು ಡೀಸೆಲಿನದ್ದು. ನಮ್ಮ ಕಡೆಯ ಎಲ್ಲರ ಹಾಗೆ ಗಡಿ ದಾಟಿ, ಕಡಿಮೆಗೆ ಸಿಗುತ್ತದೆ ಎಂದು ಕರ್ನಾಟಕದ ಪಂಪಿನಲ್ಲಿ ಎಣ್ಣೆ ಹಾಕಿಸುವುದು ನಮ್ಮ ರೂಢಿ. ಅಲ್ಲಿ ಹೋಗಿ ಯಾವಾಗಿನ ಬಾಯಿಪಾಠದ ಹಾಗೆ, ಪೆಟ್ರೋಲ್, ಫುಲ್ ಎಂದದ್ದು. ಮುಗಿಯಿತಲ್ಲ. ಸ್ವಲ್ಪ ದೂರ ಓಡಿ ಇಂಜಿನ್ ಸತ್ತಿತು. ಬಾವಾನದ್ದು ಕೆಟ್ಟ ಬುದ್ಧಿ ಎಂದು ನಾನು ಹೇಳುವುದಿಲ್ಲ. ಅಜಾಗ್ರತೆ. ವಯಸ್ಸಾಯಿತು.

ನಾನು ಅವನಿಗೆ ಅನ್ಯಾಯ ಮಾಡಿದ್ದೇನಾ, ಹೇಳು. ಕೇಶವಪ್ರಸಾದನ ಎದುರಿಗೇ ಕೇಳಿದೆ, ಮಗನಿಗೂ ತಿಳಿಯಲಿ ಎಂದು: ಬಾವಾ, ಪೆಟ್ರೋಲ್ ಹಾಕಿಸಿದ್ದು ನೀನು ಅಲ್ಲವಾ? ಅವನು ನನ್ನ ಮುಖ ಒಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿದ. ಒಂದು ಮಾತು ಆಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ. ಇನ್ನು ಬರುವುದು ಬೇಡ, ಮನೆಯಲ್ಲಿ ವಿಶ್ರಾಂತಿ ತೆಗೆದುಕೋ ಎಂದೆ, ಅಷ್ಟೇ. ಓಡಿಸಿದ್ದು ಅಂತ ಹೇಳಬೇಡ.

ಶಾಲೆಯ ಬಸ್ಸಾ? ಹೌದು, ಅವರು ನನಗೆ ಫೋನ್ ಮಾಡಿದ್ದರು, ಬಾವಾನನ್ನು ಡ್ರೈವರ್ ಕೆಲಸಕ್ಕೆ ತೆಗೆದುಕೊಳ್ಳಬಹುದಾ ಎಂದು. ಮಕ್ಕಳು ಹೋಗುವ ಬಸ್ಸು. ನಾನು ಸುಳ್ಳು ಹೇಳಲಾ? ಇದ್ದದ್ದನ್ನು ಹೇಳಿದೆ. ಈಗ ಊರಿನಲ್ಲಿ ಯಾರೂ ಅವನ ಕೈಗೆ ಕೀ ಕೊಡುವುದಿಲ್ಲ ಎಂದರೆ ಅದು ನನ್ನ ತಪ್ಪಾ? ಯಾವ ಕಾರಿಗೆ ಯಾವ ಎಣ್ಣೆ ಎಂದು ನೋಡದ ಡ್ರೈವರ್ ಎಂದು ಚಾ ಅಂಗಡಿಯಲ್ಲಿ ತಮಾಷೆ ಮಾಡುತ್ತಾರಂತೆ. ನಾನು ಚಾ ಅಂಗಡಿಗೆ ಹೋಗುವವಳಲ್ಲ, ನನಗೆ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಅವನಿಗೆ ಎಂತ ಕಡಿಮೆಯಾಗಿತ್ತು? ರಂಜಾನಿನಲ್ಲಿ ನೋಂಬು ಬಿಡುವ ಹೊತ್ತಿಗೆ ಖರ್ಜೂರ ನಾನೇ ಕೊಡುವುದು. ಶುಕ್ರವಾರ ಬೆಳಿಗ್ಗೆಯೇ ಹೇಳಿಬಿಡುವುದು, ನೀನು ಜುಮಾಕ್ಕೆ ಹೋಗು, ಇವತ್ತು ಮಧ್ಯಾಹ್ನ ಕಾರು ತೆಗೆಯಲಿಕ್ಕಿಲ್ಲ ಎಂದು. ಇಷ್ಟು ವರ್ಷದಲ್ಲಿ ಒಂದು ಶುಕ್ರವಾರ ನಾನು ಅವನ ನಮಾಝ್ ತಪ್ಪಿಸಿದವಳಲ್ಲ. ಒಂದೇ ಒಂದು ಶುಕ್ರವಾರ. ಬೇಕಾದರೆ ಕೇಳು ಅವನ ಹತ್ತಿರ. ನನ್ನ ಕಣ್ಣಿನ ಆಪರೇಷನ್ ಆದ ಮೇಲೆ ಕೇಶವಪ್ರಸಾದ ಕೀಯನ್ನು ಕೊಟ್ಟದ್ದೂ ಅವನ ಕೈಗೇ, ನನ್ನ ಕೈಗಲ್ಲ. ವರ್ಕಾಡಿಯಲ್ಲಿ ಮೊದಲು ಕಾರು ಓಡಿಸಿದ ಹೆಂಗಸು ನಾನು. ಮಗ ನನಗೆ ಹೇಳುತ್ತಾನೆ, ಅಮ್ಮ, ನೀವು ಇನ್ನು ಹಿಂದೆ ಕೂತರೆ ಸಾಕು. ಆಯಿತು. ಕೂತೆ.

ಎಲ್ಲರೂ ನನ್ನ ಕಾರಿಗೆ ಎಂತಾಯಿತು, ನಿಮ್ಮ ಕಾರಿಗೆ ಎಂತಾಯಿತು ಎಂದು ಕೇಳುತ್ತಾರೆ. ನನಗೆ ಎಂತಾಯಿತು ಎಂದು ಒಬ್ಬರು ಕೇಳಿದ್ದೀರಾ? ಗಿರಾಕಿಗೆ ಕಾರು ಕೊಡುವವರು ಇದು ಡೀಸೆಲ್ ಎಂದು ದೊಡ್ಡದಾಗಿ ಬರೆದು ಅಂಟಿಸಬೇಡವಾ? ಆ ಹಾಳು ಕಾರು ನನ್ನನ್ನು ಉರಿಬಿಸಿಲಿನಲ್ಲಿ ನಡುರಸ್ತೆಯಲ್ಲಿ ನಿಲ್ಲಿಸಿತು. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆಯುವುದು. ಸ್ವಲ್ಪ ತಳ್ಳಿ ಬದಿಗೆ ಹಾಕುವ ಎಂದರೆ ಒಬ್ಬ ಗಂಡಸು ಇಲ್ಲ. ಎದುರಿಗೆ ಟಯರ್ ಅಂಗಡಿ, ಶಟರ್ ಎಳೆದು ಎಲ್ಲರೂ ನಮಾಝಿಗೆ ಪಳ್ಳಿಗೆ ಹೋಗಿದ್ದಾರೆ. ಜುಮಾ ಮುಗಿದು ಜನ ಹೊರಗೆ ಬರುವವರೆಗೆ ನಾನು ಒಬ್ಬಳೇ, ಆ ಸ್ಟೇರಿಂಗ್ ಹಿಡಿದುಕೊಂಡು...

...

ಎಂತ?

ಎಂತ ನೋಡುತ್ತೀ ಹಾಗೆ?

ಒಬ್ಬಳೇ ಎಂದರೆ... ಬಾವಾ ಯಾರನ್ನಾದರೂ ಕರೆಯಲು ಹೋಗಿದ್ದ. ಪಂಪಿಗೆ. ಹಿಂದೆ ನಡೆದುಕೊಂಡು. ಹೌದು, ಶುಕ್ರವಾರ. ಶುಕ್ರವಾರ ಆದರೆ ಎಂತ ಈಗ? ಒಂದು ದಿನ ಅರ್ಜೆಂಟ್ ಇರಬಾರದಾ? ಯಾವಾಗಲೂ ಬಿಡುತ್ತೇನೆ ಎಂದು ಹೇಳಿದ್ದು... ಯಾವಾಗಲೂ ಎಂದರೆ ಹೆಚ್ಚಾಗಿ. ನೀನು ಅದನ್ನು ಹಿಡಿದುಕೊಳ್ಳಬೇಡ.

ಹೇಳು ಎಂತಾದರೂ. ಅವನು ಆ ದಿನ ಪಳ್ಳಿಯಲ್ಲಿ ಇದ್ದ ಎಂದು ಹೇಳುತ್ತೀಯಾ? ನೀನು ನೋಡಿದ್ದೀಯಾ? ಅವನೇ ಹೇಳಿದನಾ?

ಹೇಳಲಿಲ್ಲವಾ. ನಿನ್ನ ಹತ್ತಿರ ಸಹ.

ಅವನಿಗೆ ಬುದ್ಧಿ ಬೇಡವಾ ಶಹನಾಝ್? ಪಳ್ಳಿಗೆ ಹೋಗುವವನು ಕೀಯನ್ನು ಚಾವಡಿಯ ಮೊಳೆಯಲ್ಲಿ ನೇತು ಹಾಕಿ ಹೋಗುವುದಾ? ಅಮ್ಮನ ಕೈಗೆ ಸಿಗದ ಹಾಗೆ ಇಡು ಎಂದು ಕೇಶವಪ್ರಸಾದ ಅಷ್ಟು ಸಲ ಹೇಳಿರಲಿಲ್ಲವಾ? ಕಣ್ಣೆದುರಿಗೆ ಹಾಗೆ ಇಟ್ಟರೆ... ದಿನಾ ಹಿಂದಿನ ಸೀಟಿನಲ್ಲಿ ಕೂತು, ಮುಂದಿನವನ ಕುತ್ತಿಗೆ ನೋಡಿಕೊಂಡು ಹೋಗುವುದು ಎಂದರೆ ಎಂತ ಎಂದು ನಿನಗೆ ಗೊತ್ತುಂಟಾ? ಗೊತ್ತಿಲ್ಲ. ನೀನು ಸ್ಕೂಟರಿನಲ್ಲಿ ಬರುತ್ತೀ, ಸ್ಕೂಟರಿನಲ್ಲಿ ಹೋಗುತ್ತೀ.

ಕೇಶವಪ್ರಸಾದನಿಗೆ ಹೇಳುತ್ತೀಯಾ? ಅವನ ನಂಬರ್ ನಿಮ್ಮ ಕಂಪ್ಯೂಟರಿನಲ್ಲಿ ಉಂಟು ಅಲ್ಲವಾ.

ಕೆಳಗೆ ನೋಡು. ನಿನ್ನ ಅಪ್ಪ ನನ್ನ ಎದುರು ತಲೆ ತಗ್ಗಿಸಿ ನಿಂತವನು. ನೀನು... ಎಷ್ಟು ಹೊತ್ತಿನಿಂದ ನೋಡುತ್ತೀ. ರೆಪ್ಪೆ ಸಹ ಹಾಕುವುದಿಲ್ಲ. ಬೈಯುವುದಾದರೆ ಬೈಯಿ. ಸಿಸ್ಟರ್ ಹೀಗೇ ನಿಲ್ಲುತ್ತಿದ್ದರು, ಬಾಯಿ ಬಿಡದೆ.

ಬ್ಯಾಗ್ ಎಲ್ಲಿ ಇಟ್ಟೆ ನಾನು? ಕೊಡು ಇಲ್ಲಿ. ಕೈ ಹಿಡಿಯುವುದು ಬೇಡ, ನನಗೆ ಏಳಲು ಆಗುತ್ತದೆ.

ನಾನು ಎದ್ದದ್ದು ಹೊರಡಲಿಕ್ಕೆ. ಬೇರೆ ಎಂತದಕ್ಕೂ ಅಲ್ಲ. ಹಾಗೆ ನೋಡಬೇಡ ಎಂದೆನಲ್ಲ.

ನಿಮ್ಮ ಕಾರು ನನಗೆ ಬೇಡ. ಬಸ್ಸಿನಲ್ಲಿ ಹೋಗುತ್ತೇನೆ. ಆದರೆ ಅದಕ್ಕಿಂತ ಮೊದಲು ಆ ಕೋಣೆಯ ಬಾಗಿಲು ತೆಗೆಸು. ನಿನ್ನ ಮ್ಯಾನೇಜರು ಹೊರಗೆ ಬರಲಿ. ಇಲ್ಲಿ, ನನ್ನ ಎದುರಿಗೆ ನಿಂತು, ನನ್ನನ್ನು ಇಷ್ಟು ಹೊತ್ತು ಕೂರಿಸಿದ್ದಕ್ಕೆ ಕ್ಷಮೆ ಕೇಳಲಿ.